ಲಿಂಗಪ್ಪನ ಹೊಲದಲ್ಲಿ ಅಮೆರಿಕದ ಜೋಳ

1967ರಲ್ಲಿ ನಾನು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಲಕೋಡ್ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಡಾಕ್ಟರು ಕ್ಯಾಂಪಿಗೆ ಹೋದ ದಿನ ಸೂಜಿ, ಔಷಧಿ ಎಲ್ಲವೂ ನನ್ನ ಕೈಯಲ್ಲೇ. ಈ ಪ್ರಸಂಗವನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದವಳು ನನ್ನ ಹೆಂಡತಿ ರಾಜಮ್ಮ. ನಾನು ಹೇಳಿದರೆ ನಡುವೆ ಬಾಯಿ ಹಾಕಿ ತಿದ್ದುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಈಗ ತಿದ್ದುವವರಿಲ್ಲದೆ ಬರೆಯುತ್ತಿದ್ದೇನೆ.

ಆಗ ರೇಷನ್ ಅಂಗಡಿಯಲ್ಲಿ ಅಕ್ಕಿ ಸಾಲದೆ ಮೈಲೋ ಕೊಡುತ್ತಿದ್ದರು. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಕೆಂಪು ಧಾನ್ಯ ಅದು. ಅಮೆರಿಕ ಒಂದು ಕಡೆ, ರಷ್ಯಾ ಒಂದು ಕಡೆ ಲೋಕವನ್ನು ಎಳೆದಾಡುತ್ತಿದ್ದ ಕಾಲ. ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಆಡಿದ ಮಾತು ಅಮೆರಿಕಕ್ಕೆ ಹಿಡಿಸಿಲ್ಲ, ಧಾನ್ಯದ ಹಡಗುಗಳನ್ನು ತಡೆತಡೆದು ಬಿಡುತ್ತಿದ್ದಾರೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಟೀ ಅಂಗಡಿಯಲ್ಲಿ ಯಾರಾದರೂ ಅದನ್ನು ಗಟ್ಟಿಯಾಗಿ ಓದಿದರೆ ಎಲ್ಲರೂ ಲೋಟ ಕೆಳಗಿಟ್ಟು ಹತ್ತಿರ ಸರಿಯುತ್ತಿದ್ದರು.

ರಾಜಮ್ಮನ ತಮ್ಮ ಲಿಂಗಪ್ಪ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ. ಅವನ ಬದುಕೆಲ್ಲ ಆ ಮಂದೆಯೇ. ರೇಷನ್ನಿನ ಮೈಲೋದಲ್ಲಿ ಒಂದಿಷ್ಟು ಉಳಿಸಿ, ಮೊದಲ ಮಳೆಗೆ ಹೊಲದಲ್ಲಿ ಬಿತ್ತಿದ. ಯಾಕೋ ಎಂದರೆ, "ಕಪ್ಪಲ್ ನಿಂತೋದ್ರೆ ಏನ್ ತಿನ್ನಾದು ಬಾವ? ನೆಲ್ದಾಗೆ ಒಂದೀಟು ಇರ್ಲಿ" ಎಂದ. ಹಡಗಿಗೆ ಅಲ್ಲಿ ಎಲ್ಲರೂ ತಮಿಳಿನ ಕಪ್ಪಲ್ ಎಂದೇ ಹೇಳುತ್ತಿದ್ದರು.

ಪೈರು ಒಂದು ಗಿಡ್ಡ, ಒಂದು ಉದ್ದ ಬಂತು. ಆಮೇಲೆ ಮಳೆ ಹಿಂದೆಗೆದು ಎಲ್ಲ ಬಾಡಿತು. ಒಂದು ಸಣ್ಣ ಮಳೆ ಬಿದ್ದೊಡನೆ ಬುಡದಿಂದ ಹೊಸ ಚಿಗುರು ಒಡೆಯಿತು.

ಒಂದು ಬೆಳಿಗ್ಗೆ ಲಿಂಗಪ್ಪ ಸೈಕಲ್ಲಿನಿಂದ ಬೀಳುವಂತೆ ಇಳಿದ. "ಬಾವ, ಮಂದೆ ಬಿದ್ದೋಗ್ತಾ ಐತೆ!"

ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ನಾನೇ ಬ್ಯಾಗ್ ಹಿಡಿದು ಹೊರಟೆ. ರಾಜಮ್ಮ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತಳು. ಹೊಲದಂಚಿನಲ್ಲಿ ಕುರಿಗಳು ಕಾಲು ಬಡಿಯುತ್ತ ಉಸಿರಿಗೆ ಒದ್ದಾಡುತ್ತಿದ್ದವು. ಒಂದರ ತುಟಿ ಎತ್ತಿ ನೋಡಿದೆ. ವಸಡು ಕಡುಗೆಂಪು. ಬಾಡಿ ಚಿಗುರಿದ ಜೋಳದಲ್ಲಿ ಪ್ರೂಸಿಕ್ ಆಸಿಡ್ ಎಂಬ ವಿಷ ಹೆಚ್ಚುತ್ತದೆ. ಅದು ಮೈಗೇರಿದರೆ ಗಾಳಿ ಎಳೆದುಕೊಂಡರೂ ಪ್ರಾಣಿ ಉಸಿರುಗಟ್ಟಿ ಸಾಯುತ್ತದೆ. ಕುರಿ ಸಾಕುವವರಿಗೆ ಇದು ಹುಟ್ಟಿನಿಂದ ಗೊತ್ತು.

"ಜೋಳದ ಚಿಗುರಿಗೆ ಬಿಟ್ಯೇನ್ಲಾ?"

"ಜೋಳ ಎಲ್ಲೈತೆ ಬಾವ? ಇದು ಮೈಲೋ! ಅಮೆರಿಕಾದ್ದು!"

"ಮೈಲೋನೂ ಜೋಳಾನೇ ಕಣೋ."

ಅವನು ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಎರಡು ಕೈ ಕುಲುಕುವ ಚಿತ್ರವಿದ್ದ ಅಮೆರಿಕದ ಚೀಲದಲ್ಲಿ ಬಂದ ಕಾಳು ನಮ್ಮೂರ ಜೋಳಕ್ಕೆ ನೆಂಟ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಈ ವಿಷಕ್ಕೆ ಮದ್ದು ಹೈಪೋ, ಫೋಟೋ ತೊಳೆಯಲು ಬಳಸುವ ಉಪ್ಪು. ರಾಜಮ್ಮ ಕುರಿಗಳ ಬಾಯಿ ಅಗಲಿಸಿ ಹಿಡಿದಳು, ನಾನು ಅದನ್ನು ನೀರಿನಲ್ಲಿ ಕರಗಿಸಿ ಹುಯ್ದೆ. ಬ್ಯಾಗಿನಲ್ಲಿದ್ದದ್ದು ಬೇಗ ಮುಗಿಯಿತು. ಲಿಂಗಪ್ಪನನ್ನು ಪೇಟೆಯ ಫೋಟೋ ಸ್ಟುಡಿಯೋಗೆ ಓಡಿಸಿದೆ. "ಇಷ್ಟು ಹೈಪೋನಾ? ಯಾರ್ ವೀಟ್ಟು ಕಲ್ಯಾಣಂ?" ಯಾರ ಮನೆ ಮದುವೆ ಫೋಟೋಗೆ ಎಂದು ಸ್ಟುಡಿಯೋದವನು ನಕ್ಕನಂತೆ. ಲಿಂಗಪ್ಪ ಪೊಟ್ಟಣ ತರುವಷ್ಟರಲ್ಲಿ ಮಂದೆಯ ಅರ್ಧಕ್ಕೂ ಹೆಚ್ಚು ಸತ್ತು ಮಲಗಿತ್ತು.

ಅವನು ಅಳಲಿಲ್ಲ. ಮಚ್ಚು ತಂದು ಪೈರಿಗೆ ನುಗ್ಗಿದ. ರಾಜಮ್ಮ ಅಡ್ಡ ನಿಂತಳು.

"ಬಿಡಕ್ಕ, ಬೇರ್ಸಮೇತ ಕಿತ್ತಾಕ್ತೀನಿ ಈ ಸನಿಯನ್ನ!"

"ಕಿತ್ತಾಕು. ನಾಳೆ ಕಪ್ಪಲ್ ಬರ್ದಿದ್ರೆ ಮಕ್ಕಳ್ಗೆ ಏನ್ ಆಕ್ತೀಯಾ? ಮಚ್ಚು ಬೇಯಿಸ್ತೀಯಾ?"

ಉಳಿದ ಕುರಿಗಳನ್ನು ದೂರ ಕಟ್ಟಿದೆವು. ಹೊಲಕ್ಕೆ ಮುಳ್ಳಿನ ಬೇಲಿ ಎಳೆದೆವು. ಮಂದೆ ಕೊಂದ ಪೈರಿಗೆ ಕಾವಲು.

ಆಮೇಲೆ ನಾನು ಹಲವು ಊರುಗಳಲ್ಲಿ ಕೆಲಸ ಮಾಡಿ ರಿಟೈರ್ ಆದೆ. ಪ್ರಾಣಿ ಬಿದ್ದಿದೆ ಎಂದರೆ ಅದು ಏನು ತಿಂದಿತು ಎಂದಷ್ಟೇ ಕೇಳಬಾರದು, ಆ ಮನೆಯವರು ಯಾವುದಕ್ಕೆ ಹೆದರಿದ್ದರು ಎಂದೂ ಕೇಳಬೇಕು ಎಂಬುದನ್ನು ಕಲಿತದ್ದು ಆ ಹೊಲದಲ್ಲಿ. ಭಯ ಎಷ್ಟು ದೂರದಿಂದ ಬೇಕಾದರೂ ಬರಬಹುದು.

ಆ ವರ್ಷ ತೆನೆ ಬಲಿಯುವ ಹೊತ್ತಿಗೆ ರೇಷನ್ ಅಂಗಡಿಯಲ್ಲಿ ಕೆಲವು ವಾರ ಕಾಳೇ ಇರಲಿಲ್ಲ. ಬಲಿತ ಕಾಳಿನಲ್ಲಿ ವಿಷವಿರುವುದಿಲ್ಲ ಎಂದು ನಾನು ಹೇಳಿದ್ದೆ. ಆದರೂ ಮೊದಲ ದಿನ ಆ ಹಿಟ್ಟಿನ ಮುದ್ದೆ ತಟ್ಟೆಗೆ ಬಿದ್ದಾಗ ಯಾರೂ ಕೈ ಹಾಕಲಿಲ್ಲ. ಲಿಂಗಪ್ಪ ಒಂದು ತುತ್ತು ಮುರಿದು ಹಿಡಿದುಕೊಂಡು ನನ್ನ ಮುಖ ನೋಡಿದ. ನಾನು ತಲೆಯಾಡಿಸುವ ಮೊದಲೇ ರಾಜಮ್ಮ ತನ್ನ ತುತ್ತು ನುಂಗಿದ್ದಳು.