ಒಂದು ಎಮ್ಮೆ, ಎರಡು ಮನೆ

ಮುರಗೋಡದ ಹತ್ತಿರದ ನಮ್ಮೂರ ಹಾಲಿನ ಸಂಘಕ್ಕೆ ಕಂಪ್ಯೂಟರ್ ಬಂದಾಗ ನಾನು ಸಂಘದ ಕಾರ್ಯದರ್ಶಿ. ಐವತ್ತರ ಹೊಸ್ತಿಲಲ್ಲಿ, ಬೈಲಹೊಂಗಲಕ್ಕೆ ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿ ಡೇಟಾಬೇಸ್ ಕಲಿತಿದ್ದೆ. ಆದ್ದರಿಂದ ಜಿಲ್ಲೆಯಿಂದ ಬಂದ ಮೇಲ್ವಿಚಾರಕರು ತಮ್ಮ ನಮೂನೆಯನ್ನು ಪುರಾಣದ ಪುಸ್ತಕದಂತೆ ಬಿಚ್ಚಿದಾಗ, ನಾನೂ ಭಕ್ತಿಯಿಂದ ಕನ್ನಡಕ ಏರಿಸಿದೆ.

ಎರಡು ಕೋಷ್ಟಕ: ಸದಸ್ಯರದೊಂದು, ಎಮ್ಮೆಗಳದೊಂದು. ಪ್ರತಿ ಎಮ್ಮೆಗೂ ಕಿವಿಯ ಬಿಲ್ಲೆಯ ನಂಬರು, ಒಬ್ಬರೇ ಮಾಲೀಕರು. ಎಮ್ಮೆ ಇಲ್ಲದವರು ಸದಸ್ಯರಲ್ಲ. ಸದಸ್ಯರಲ್ಲದವರ ಹಾಲು ಸಂಘಕ್ಕೆ ಬೇಡ.

ನಮ್ಮ ಕಡೆ ಎಮ್ಮೆಯನ್ನು ಪಾಲಿಗೆ ಕೊಡುತ್ತಾರೆ. ಕೊಟ್ಟವರೊಬ್ಬರು, ಮೇಯಿಸಿ ಕರೆಯುವವರು ಇನ್ನೊಬ್ಬರು, ಹುಟ್ಟಿದ ಕರುಗಳಲ್ಲಿ ಇಬ್ಬರಿಗೂ ಪಾಲು. ವರ್ಷಗಟ್ಟಲೆ ತಪ್ಪದೆ ಹಾಲು ಹಾಕುತ್ತಿದ್ದ ಹೆಣ್ಣುಮಗಳೊಬ್ಬಳು ಅಂಥದೊಂದು ಎಮ್ಮೆಯನ್ನು ಬರೆಸಲು ಬಂದಳು.

‘ಎಮ್ಮಿ ಯಾರದಬೇ ಯವ್ವಾ?’ ಎಂದರು ಮೇಲ್ವಿಚಾರಕರು.

‘ಎಮ್ಮಿ ಯರಗಟ್ಟಿ ಸಾವಕಾರ್ರದ್ರಿ. ಮೇವು ನಂದು. ಕರು ಇಬ್ಬರದು.’

‘ಒಂದ ಹೆಸರ ಹೇಳು.’

‘ಸಾವಕಾರ್ರ ಹೆಸರ ಹೇಳಿ ಕೆಚ್ಚಲಕ್ಕ ಕೈ ಹಾಕ್ರಿ, ಒದೀತೈತಿ.’

ಅವರು ಸಾಹುಕಾರರನ್ನೇ ಬರೆದರು. ಸಂಘಕ್ಕೆ ಒಂದು ತೊಟ್ಟು ಹಾಲು ಹಾಕದವರು ಸದಸ್ಯರಾದರು, ಹಳೆಯ ಸದಸ್ಯೆಯಾದ ಆಕೆ ಎಮ್ಮೆ ಇಲ್ಲದವಳಾಗಿ ಹೊರಗುಳಿದಳು; ಪಟ್ಟಿಯಲ್ಲಿದ್ದ ಆಕೆಯ ಹೆಸರನ್ನು ಮುಂದಿನ ತಿಂಗಳು ತೆಗೆಯುವುದೆಂದಾಯಿತು. ನಾನು ಅಡ್ಡ ಬಂದೆ.

‘ಹಂಗಾರ ಒಂದ ಖಾನೆದಾಗ ಇಬ್ಬರನ್ನೂ ಬರೀರಿ’ ಎಂದರು ಮೇಲ್ವಿಚಾರಕರು.

‘ಇಬ್ಬರನ್ನ ಒಂದರಾಗ ತುರುಕಿದ್ರ ಹುಡುಕೂ ಮುಂದ ಒಬ್ಬರೂ ಸಿಗಂಗಿಲ್ರಿ’ ಎಂದೆ.

‘ಎರಡು ಖಾನೆ ಮಾಡ್ರಿ.’

‘ನಾಳೆ ಮೂರು ಮಂದಿ ಅಣ್ತಮ್ಮರು ಒಂದ ಎಮ್ಮಿ ಹೊಡಕೊಂಡು ಬರತಾರ. ಆಗ ಗ್ವಾಡಿ ಒಡದು ಖಾನೆ ಕಟ್ಟೂಣೇನ್ರಿ?’

‘ಪಾಲಿನ ಎಮ್ಮಿ ಬಿಟ್ಟ ಬಿಡ್ರಿ, ಸೆಕ್ರೆಟರಿ.’

‘ಬಿಡಂಗಿಲ್ರಿ.’

ಅವರ ಬಸ್ಸು ಹೊರಟ ಮೇಲೆ ಮಾಲೀಕರ ಖಾನೆಯನ್ನು ಎಮ್ಮೆಯ ಕೋಷ್ಟಕದಿಂದ ಕಿತ್ತುಹಾಕಿ, ಮೂರನೆಯ ಕೋಷ್ಟಕ ಕಟ್ಟಿದೆ. ಅದರಲ್ಲಿ ಮೂರೇ ಖಾನೆ: ಎಮ್ಮೆಯ ನಂಬರು, ಸದಸ್ಯರ ನಂಬರು, ಕೊಟ್ಟವರೋ ಸಾಕುವವರೋ. ಆ ಎಮ್ಮೆಗೆ ಎರಡು ಸಾಲು ಬರೆದೆ: ಸಾಹುಕಾರರು ಕೊಟ್ಟವರು, ಆಕೆ ಸಾಕುವವಳು. ನಿಬಂಧನೆಗಳನ್ನೂ ಹಾಕಿದೆ. ಇಲ್ಲದ ಎಮ್ಮೆಗೆ ಸಾಲು ಹುಟ್ಟದು. ಎಮ್ಮೆ, ಸದಸ್ಯರ ಒಂದೇ ಜೋಡಿ ಎರಡು ಸಲ ಬರದು. ಮುಖ್ಯವಾದದ್ದು ಕೊನೆಯದು: ಈ ಕೋಷ್ಟಕದಲ್ಲಿ ಸಾಲು ಇರುವವರೆಗೆ ಆ ಸದಸ್ಯರನ್ನು ಸದಸ್ಯರ ಕೋಷ್ಟಕದಿಂದ ಅಳಿಸಲಾಗದು. ಈ ಕೋಷ್ಟಕದ ಪಾಸ್‌ವರ್ಡ್ ನನ್ನ ತಲೆಯಲ್ಲಿತ್ತು.

ಮುಂದಿನ ತಿಂಗಳು ಮೇಲ್ವಿಚಾರಕರು ಪಟ್ಟಿ ಸ್ವಚ್ಛ ಮಾಡಲು ಬಂದರು. ಆಕೆಯ ಹೆಸರು ಆರಿಸಿ, ಅಳಿಸುವ ಗುಂಡಿ ಒತ್ತಿದರು. ಸಂಬಂಧ ಇರುವುದರಿಂದ ಅಳಿಸಲಾಗದು ಎಂದಿತು ಯಂತ್ರ. ಇನ್ನೊಮ್ಮೆ ಒತ್ತಿದರು. ಅದು ಮಾತು ಬದಲಿಸಲಿಲ್ಲ.

‘ಏನ ಮಾಡೀರಿ ಇದಕ್ಕ?’

‘ಊರಾಗಿದ್ದದ್ದನ್ನ ಬರದೇನ್ರಿ.’

‘ಮ್ಯಾಲಿನವರು ಒಪ್ಪಂಗಿಲ್ಲ.’

‘ಅವರಿಗೂ ಬರ್ರಿ ಅನ್ರಿ. ಅವರೂ ಒತ್ತಿ ನೋಡಲಿ.’

ಅಷ್ಟರಲ್ಲಿ ಆಕೆ ಹಾಲಿನ ಕ್ಯಾನು ಹಿಡಿದು ಬಾಗಿಲಿಗೆ ಬಂದಳು. ಮೇಲ್ವಿಚಾರಕರು ಕುರ್ಚಿಯಿಂದ ಏಳಲಿಲ್ಲ, ನಾನು ಎದ್ದೆ. ಹಾಲು ಅಳೆದು, ಆಕೆಯ ನಂಬರಿಗೆ ಬರೆದೆ.