ಆಸಿಡ್ ಸ್ಟ್ಯಾಂಡಿನ ಹಸಿರು ಬಣ್ಣ

ಶಿರಾದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಗಂಡ ಹಳೇ ಚಿನ್ನ ಕರಗಿಸಿ ಶುದ್ಧ ಮಾಡುತ್ತಾರೆ. ನಾನೂ ಕೈಜೋಡಿಸುತ್ತೇನೆ. ಆಸಿಡ್ ಹೊಗೆಗೆ ಅಲ್ಲಿ ಕಬ್ಬಿಣ ಅನ್ನುವುದು ಬಾಳುವುದಿಲ್ಲ. ಇಕ್ಕಳ ತುಕ್ಕು ಹಿಡಿದು ಕೈಯಲ್ಲೇ ಮುರಿಯುತ್ತದೆ, ಸ್ಟೀಲ್ ತಟ್ಟೆಗೂ ತೂತು ಬೀಳುತ್ತದೆ. ಆಸಿಡ್ ಕ್ಯಾನುಗಳನ್ನಿಡುವ ಕಬ್ಬಿಣದ ಸ್ಟ್ಯಾಂಡ್ ಮಾತ್ರ ಪ್ರತಿ ಆಯುಧಪೂಜೆಗೂ ಹೊಸದರಂತೆ ಇರುತ್ತಿತ್ತು. ಇರದೆ ಏನು, ವರ್ಷಾ ವರ್ಷಾ ಅದಕ್ಕೆ ಹಸಿರು ಬಣ್ಣ ಹೊಡೆಯುವವಳು ನಾನೇ. ಪೂಜೆಗಿಡುವ ಸಾಮಾನು ಲಕ್ಷಣವಾಗಿರಬೇಕು ಅಂತ ಹಟ ನನಗೆ. ಕೆರೆಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು, ತುಕ್ಕಿನ ಮೇಲೇ ಬಳಿದುಬಿಡುತ್ತಿದ್ದೆ.

ಹೋದ ವರ್ಷ ಹಬ್ಬದ ಹಿಂದಿನ ದಿನ ಬಣ್ಣದ ಡಬ್ಬಿ ಹಿಡಿದು ಹೋದಾಗ ಅವರು ಸ್ಟ್ಯಾಂಡಿನ ಬುಡದಲ್ಲೇ ಕೂತು, ಕಳ್ಳಂಬೆಳ್ಳದವರೊಬ್ಬರ ಸರ ಆಸಿಡ್ಡಿನಲ್ಲಿ ಕರಗುತ್ತಿದ್ದ ಗಾಜಿನ ಜಾಡಿಯನ್ನು ನೋಡುತ್ತಿದ್ದರು. ಅವರ ತಲೆಗೆ ನೇರವಾಗಿ, ಸ್ಟ್ಯಾಂಡಿನ ಹಲಗೆಯ ಮೇಲೆ ತುಂಬಿದ ಎರಡು ಕ್ಯಾನು. ಸ್ಟ್ಯಾಂಡಿನ ಕಾಲಿಗೆ ಅಂಟಿದ್ದ ಜೇಡರ ಬಲೆ ತೆಗೆಯೋಣವೆಂದು ಬೆರಳು ಒತ್ತಿದೆ. ಬಣ್ಣ ಹಪ್ಪಳದ ಹಾಗೆ ಒಡೆದು, ಬೆರಳು ಆ ಕಡೆಗೇ ಹೋಯಿತು. ಒಳಗೆ ಕಬ್ಬಿಣವೇ ಇರಲಿಲ್ಲ, ಬರೀ ಕೆಂಪು ಪುಡಿ. ಮೇಲೆ ಕ್ಯಾನು ಸಣ್ಣಗೆ ಅಲುಗಿತು.

ಕೂಗಿದರೆ ಗಾಬರಿಯಲ್ಲಿ ಎದ್ದು ಸ್ಟ್ಯಾಂಡಿಗೇ ತಲೆ ತಗುಲಿಸುತ್ತಾರೆ. ಕೂಗದೆ ಇದ್ದು ಆ ಆಸಿಡ್ ಕಣ್ಣಿಗೆ ಸುರಿದರೆ ಮುಗಿಯಿತು. ಮೇಲಿನ ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದುಕೊಂಡೆ.

“ರೀ, ಹಂಗೇ ಬಗ್ಗಿ ಈಚೆಗೆ ಬನ್ನಿ. ತಲೆ ಎತ್ತಬ್ಯಾಡಿ.”

“ಇರು ಕಣೇ, ಇನ್ನೊಂದು ಕುದಿ ಬರ್ಲಿ.”

“ಕುದಿ ಹಾಳಾಗೋಗ್ಲಿ, ಬರ್ತೀರೋ ಇಲ್ವೋ?” ದನಿ ಹೇಗೋ ಮೆಲ್ಲಗೇ ಬಂತು.

ಅವರು ತೆವಳಿಕೊಂಡು ಈಚೆಗೆ ಬಂದರು. ಒಂದೊಂದೇ ಕ್ಯಾನು ಇಳಿಸಿ, ಜಾಡಿಯನ್ನೂ ತೆಗೆದು ಹಿತ್ತಲಿಗೆ ಸಾಗಿಸಿದರು. ಆಮೇಲೆ ಸುತ್ತಿಗೆಯಿಂದ ಆ ಕಾಲಿಗೆ ಒಂದೇ ಒಂದು ತಟ್ಟಿದರು. ಸ್ಟ್ಯಾಂಡ್ ಅವರು ಕೂತಿದ್ದ ಮಣೆಯ ಮೇಲೇ ಕುಸಿದು ಬಿತ್ತು.

ನನಗೆ ಅಳು ತಡೆಯಲಾಗಲಿಲ್ಲ. ನನ್ನ ಕೈಯಾರೆ ಬಣ್ಣ ಬಳಿದು ಮುಚ್ಚಿಟ್ಟೆನಲ್ಲ, ನಿಮಗೆ ಗೊತ್ತೇ ಆಗದ ಹಾಗೆ ಮಾಡಿಬಿಟ್ಟೆನಲ್ಲ ಎಂದು ಅತ್ತೆ.

“ಗೊತ್ತಿತ್ತು ಬುಡು,” ಅಂದರು ಸುತ್ತಿಗೆ ಕೆಳಗಿಡುತ್ತಾ. “ಯುಗಾದಿಯಿಂದ್ಲೂ ಅಲ್ಲಾಡ್ತಿತ್ತು. ನೀನು ಕೂತ್ರೆ ಹೆಂಗೆ ಅಂತ ಆ ಜಾಗದಾಗೆ ನಾನೇ ಕೂತ್ಕೊಂತಿದ್ದೆ. ಆಯುಧಪೂಜೆ ಮುಗೀಲಿ, ಬದಲಾಯಿಸಾಣ ಅಂತ.”

ಯುಗಾದಿಯಿಂದ ಆಯುಧಪೂಜೆಯವರೆಗೆ! ದಿನಾ ಬೆಳಿಗ್ಗೆ ಕಾಫಿ ಕೊಟ್ಟು ಆ ಕೋಣೆಗೆ ಕಳಿಸಿದವಳು ನಾನು. ಈಗ ಈ ಮನುಷ್ಯ “ಏನಿಲ್ಲ ಬುಡು” ಅಂದಾಗಲೆಲ್ಲ ನಾನು ಹೋಗಿ ಆ ಕೋಣೆಯ ಒಂದೊಂದು ಸಾಮಾನನ್ನೂ ಬೆರಳಿಂದ ಒತ್ತಿ ನೋಡಿ ಬರುತ್ತೇನೆ.