ಗೇಟು ಮಾವ ಊಟ ಕಾಯ್ದದ್ದು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಪದಗಳೂ ನನ್ನ ಹತ್ತಿರ ಇಲ್ಲ. ಈ ಪ್ರವಾಸಕ್ಕೆ ನಾನು ಹೋಗಿರಲಿಲ್ಲ. ಹೋಗಿದ್ದ ನಾಲ್ವರೂ ನಾಲ್ಕು ಥರ ಹೇಳಿದರು. ನಾಲ್ವರೂ ಒಪ್ಪಿದ್ದನ್ನು ಮಾತ್ರ ಬರೆದಿದ್ದೇನೆ. ಅಜ್ಜಿ ಒಪ್ಪದ ಒಂದು ಕಡೆ ಹಾಗೆಂದು ಹೇಳಿದ್ದೇನೆ.

ಗೇಟು ಮಾವ ನನ್ನ ಅಮ್ಮನ ತಮ್ಮ. ಬಣ್ಣದ ಡಬ್ಬಿ ತಯಾರಿಸುವ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತಿದ್ದಾರೆ. ಕೂರಲು ಕುರ್ಚಿ ಕೊಟ್ಟಿದ್ದಾರೆ, ಅದರ ಮೇಲೆ ಅವರು ಟೋಪಿ ಇಡುತ್ತಾರೆ. ಒಮ್ಮೆ ಕಾರ್ಖಾನೆಯ ಮಾಲೀಕರೇ ಪಾಸ್ ಮರೆತು ಬಂದಿದ್ದರಂತೆ. ಮಾವ ಅವರನ್ನು ಹೊರಗೆ ನಿಲ್ಲಿಸಿ, ಅವರಿಗೇ ಫೋನ್ ಮಾಡಿ, "ಸಾರ್, ನಿಮ್ಮ ಹಾಗೇ ಇರೋರು ಒಬ್ರು ಬಂದಿದ್ದಾರೆ, ಒಳಗೆ ಬಿಡಲಾ?" ಎಂದು ಕೇಳಿದರು. ಮಾಲೀಕರು ಎರಡು ಹೆಜ್ಜೆ ದೂರದಲ್ಲಿ ನಿಂತು, ಫೋನಿನಲ್ಲೇ "ಬಿಡಪ್ಪಾ" ಅಂದರು. ಆಮೇಲೆ ಒಳಗೆ ಹೋದರು.

ಮನೆಯಲ್ಲೂ ಅವರದು ಅದೇ ಚಾಳಿ. ನಾವು ಯಾರಾದರೂ ಅಡುಗೆಮನೆಗೆ ಕಾಲಿಟ್ಟರೆ, "ಏನು ಕೆಲಸ? ಎಷ್ಟು ಹೊತ್ತು?" ಎನ್ನುತ್ತಾರೆ. ಮದುವೆಗೆ ಹೋದರೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಅಪರಿಚಿತರು ಅವರ ಕೈಗೆ ಕಾರಿನ ಕೀಲಿ ಕೊಟ್ಟು ಒಳಗೆ ಹೋಗಿದ್ದೂ ಉಂಟು. ಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಊಟ ಮುಗಿಯುವ ತನಕ ಕಾರನ್ನು ಕಾಯ್ದರು.

ಅತ್ತೆ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಬೆಳಿಗ್ಗೆ ಎಂಬತ್ತು ಜನಕ್ಕೆ ಬೇಯಿಸುತ್ತಾಳೆ, ಸಂಜೆ ಮನೆಗೆ ಬಂದು ನಾಲ್ಕು ಜನಕ್ಕೆ ಬೇಯಿಸುತ್ತಾಳೆ. ಎಂಬತ್ತು ಜನರ ಲೆಕ್ಕದಲ್ಲಿ ಕೈ ಓಡಿ, ಒಮ್ಮೊಮ್ಮೆ ಮನೆಯಲ್ಲಿ ಮೂರು ದಿನ ಒಂದೇ ಪಲ್ಯ.

ಹೋದ ವರ್ಷ ಕಾರ್ಖಾನೆಯವರು, ಒಂದು ದಿನವೂ ರಜೆ ಹಾಕದ ಕೆಲಸಗಾರನಿಗೆಂದು, ದೊಡ್ಡ ಮನರಂಜನಾ ಪಾರ್ಕಿನ ಎರಡು ದಿನದ ಪಾಸು ಕೊಟ್ಟರು. ಮನೆಮಂದಿಗೆಲ್ಲ ಆಟ ಉಚಿತ, ಒಂದು ರಾತ್ರಿಗೆ ಕೋಣೆಯೂ ಉಚಿತ. ಊಟ ಮಾತ್ರ ನಮ್ಮದು. ಎಂಟು ವರ್ಷದ ಮಗಳು ಪುಟ್ಟಿ ಮನೆಯೆಲ್ಲ ಕುಣಿದಳು. ಅತ್ತೆ ಕುಣಿಯಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತು ಹೇಳಿದಳು:

"ಎರಡು ದಿನ ನಾನು ಸೌಟು ಮುಟ್ಟಲ್ಲ, ಚಾಕು ಮುಟ್ಟಲ್ಲ, ತಟ್ಟೆ ತೊಳೆಯಲ್ಲ. ಯಾರಾದ್ರೂ ಮಾಡಿಕೊಟ್ಟಿದ್ದನ್ನ ಕಾಲು ಚಾಚಿ ಕೂತ್ಕೊಂಡು ತಿನ್ನಬೇಕು. ಆಗುತ್ತೆ ಅಂದ್ರೆ ಬರ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಮನೇಲೇ ಬಿದ್ಕೋತೀನಿ."

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಮಾವನನ್ನು ಏನನ್ನೂ ಕೇಳಿದವಳಲ್ಲ. ಮಾವ ನೆಟ್ಟಗೆ ನಿಂತು, "ಆಗುತ್ತೆ" ಅಂದುಬಿಟ್ಟರು.

ಅಂದಮೇಲೆ ಪಾರ್ಕಿಗೆ ಫೋನ್ ಮಾಡಿದರು. ಅಲ್ಲಿಯ ಹೋಟೆಲುಗಳಿಗೆ ಒಂದು ವಾರ ಮೊದಲೇ ಬುಕಿಂಗ್ ಮಾಡಬೇಕಂತೆ, ಎಲ್ಲವೂ ಭರ್ತಿಯಂತೆ. ಒಂದು ತಟ್ಟೆ ಊಟದ ಬೆಲೆ ಕೇಳಿ ಮಾವ ಫೋನನ್ನೇ ಕಿವಿಯಿಂದ ದೂರ ಹಿಡಿದರು. ಆದರೆ ಹುಲ್ಲುಹಾಸಿನ ಮೇಲೆ ಕೂತು ಮನೆಯಿಂದ ತಂದದ್ದನ್ನು ತಿನ್ನಬಹುದು. ಗಾಜು ಬೇಡ, ಒಲೆ ಬೇಡ. ಮಾವ ಇದನ್ನು ಖಾತ್ರಿ ಮಾಡಿಕೊಳ್ಳಲು ಇನ್ನೆರಡು ಸಲ ಫೋನ್ ಮಾಡಿದರು. ಮೂರನೇ ಸಲ ಆ ಕಡೆಯವರೇ, "ಗಾಜು ಬೇಡ, ಒಲೆ ಬೇಡ, ನಮಸ್ಕಾರ" ಎಂದು ಇಟ್ಟುಬಿಟ್ಟರು.

ಮಾವನಿಗೆ ಬರುವ ಅಡುಗೆ ನೀರು ಕಾಯಿಸುವುದೊಂದೇ. ಅದರ ಮೇಲೇ ಯೋಜನೆ ಹಾಕಿದರು. ಬ್ರೆಡ್ಡು, ಮೊಟ್ಟೆ, ಚಿಕ್ಕ ಆಲೂಗಡ್ಡೆ, ಸೌತೆಕಾಯಿ, ಬಾಳೆಹಣ್ಣು, ಹುರಿದ ಕಡಲೆಕಾಯಿ ಬೀಜ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಝಿಪ್ಪಿಗೆ ಬೀಗ ಹಾಕಿದರು. ಕೀಲಿ ಕೊರಳಿಗೆ ಹೋಯಿತು.

ಮೊದಲ ದಿನ ಬೆಳಿಗ್ಗೆ ಕೋಣೆಗೆ ಹೋದೊಡನೆ ಅಲ್ಲಿದ್ದ ಕರೆಂಟಿನ ಕೆಟಲ್ಲಿನಲ್ಲಿ ಮೊಟ್ಟೆ ಬೇಯಿಸಲು ಕೂತರು. ಅದರಲ್ಲಿ ಒಮ್ಮೆಗೆ ಎರಡೇ ಮೊಟ್ಟೆ ಹಿಡಿಯುತ್ತಿದ್ದವು, ತಂದದ್ದು ಹನ್ನೆರಡು. ನೀರು ಕುದಿದಾಗ ಅದು ಟಕ್ಕೆಂದು ತಾನೇ ಆರುತ್ತಿತ್ತು. ಮಾವ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆರಿದಾಗಲೆಲ್ಲ ಮತ್ತೆ ಒತ್ತುತ್ತ, ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅಜ್ಜಿ ಮಂಚದ ಮೇಲಿಂದ ನೋಡುವಷ್ಟು ನೋಡಿ, "ಲೋ, ಮೊಟ್ಟೆಗೆ ಕಾವಲು ಕೂತಿದ್ದೀಯೋ, ಕಾವು ಕೂತಿದ್ದೀಯೋ?" ಅಂದಳು.

"ಅಮ್ಮಾ, ಸುಮ್ನಿರು. ಎಂಟಾಯ್ತು, ಇನ್ನು ನಾಲ್ಕು."

"ಮರಿ ಹೊರಗೆ ಬಂದ್ರೆ ಅದರ ಹತ್ರಾನೂ ಪಾಸ್ ಕೇಳ್ತಾನೆ ನೋಡೇ," ಎಂದು ಅಜ್ಜಿ ಸೊಸೆಗೆ ಹೇಳಿದಳು. ಸೊಸೆ ಕಾಲು ಚಾಚಿ ಕೂತಿದ್ದಳು. ಅವಳ ಕೈ ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಏನನ್ನೋ ಸುಲಿಯುತ್ತಿದ್ದವು.

ಪಾರ್ಕಿನಲ್ಲಿ ಮೊದಲು ನೀರಿನ ದೋಣಿ. ಎತ್ತರದಿಂದ ಜರ್ರನೆ ಜಾರಿ ಕೊಳಕ್ಕೆ ಬೀಳುವ ಆಟ. ಚೀಲಗಳನ್ನು ಒಂದು ಕಿಟಕಿಯಲ್ಲಿ ಕೊಟ್ಟು ಹೋಗಬೇಕಿತ್ತು. ಮಾವ ಕಿಟಕಿಯೊಳಗೆ ತಲೆ ಹಾಕಿ, "ರಿಜಿಸ್ಟರ್ ಎಲ್ಲಮ್ಮಾ? ನೀನು ಊಟಕ್ಕೆ ಹೋದಾಗ ಇಲ್ಲಿ ಯಾರಿರ್ತಾರೆ?" ಎಂದು ಕೇಳಿದರು.

"ಯಾರೂ ಇರಲ್ಲ ಸಾರ್, ಬಾಗಿಲು ಎಳ್ಕೊಂಡು ಹೋಗ್ತೀನಿ," ಅಂದಳು ಆ ಹುಡುಗಿ.

ಮಾವನ ಮುಖ ಹುಳ್ಳಗಾಯಿತು. ಚೀಲವನ್ನು ತಬ್ಬಿಕೊಂಡು ದೋಣಿ ಹತ್ತಿದರು. ಕೆಳಗೆ ಬಿದ್ದಾಗ ಎಲ್ಲರೂ ನೆನೆದರು, ಚೀಲ ಎಲ್ಲರಿಗಿಂತ ಹೆಚ್ಚು ನೆನೆಯಿತು. (ಆಗ ಎಲ್ಲರಿಗಿಂತ ಜೋರಾಗಿ ಕಿರುಚಿದ್ದು ಅಜ್ಜಿ. ಇದನ್ನು ಅಜ್ಜಿ ಒಪ್ಪುವುದಿಲ್ಲ.)

ಮಧ್ಯಾಹ್ನ ಹುಲ್ಲಿನ ಮೇಲೆ ಬೀಗ ತೆಗೆದು ನೋಡಿದರೆ ಎರಡು ಪೌಂಡು ಬ್ರೆಡ್ಡು ಗಂಜಿಯಾಗಿತ್ತು. ಅತ್ತೆ ಬಗ್ಗಿ ನೋಡಿದಳು. "ಹಿಂಡಿ, ಉಪ್ಪು ಹಾಕಿ, ಒಂದು ಕಾವಲಿ ಇದ್ದಿದ್ರೆ..." ಎನ್ನುತ್ತ ಅವಳ ಕೈ ಮುಂದೆ ಬಂತು.

"ಕೈ ಹಿಂದೆ!" ಎಂದು ಮಾವ ಕೂಗಿದರು. ಪಕ್ಕದಲ್ಲಿ ಕೂತಿದ್ದ ಬೇರೆ ಸಂಸಾರದವರೂ ಬೆಚ್ಚಿ ಕೈ ಹಿಂದೆ ಇಟ್ಟುಕೊಂಡರು.

ಮೊಟ್ಟೆಗೆ ಏನೂ ಆಗಿರಲಿಲ್ಲ. ಆ ದಿನ ಎರಡೂ ಹೊತ್ತು ಮೊಟ್ಟೆ, ಬಾಳೆಹಣ್ಣು, ಸೌತೆಕಾಯಿ. ಹಲ್ಲಿಲ್ಲದ ಅಜ್ಜಿಗೆ ಮಾವ ಸೌತೆಕಾಯಿಯನ್ನು ಚಮಚದಿಂದ ಕೆರೆದು ಕೊಟ್ಟರು. ಅತ್ತೆ ಏನನ್ನೂ ಮುಟ್ಟಲಿಲ್ಲ. ಒಂದು ದಿನ ದಾಟಿತು.

ಎರಡನೇ ದಿನಕ್ಕೆ ಉಳಿದದ್ದು ಆಲೂಗಡ್ಡೆ ಮತ್ತು ಕಡಲೆಕಾಯಿ ಬೀಜ, ಜೊತೆಗೆ ಒಂದು ಸೌತೆಕಾಯಿ. ಮಾವ ಬೆಳಿಗ್ಗೆಯೇ ಆಲೂಗಡ್ಡೆಗಳನ್ನು ಕೆಟಲ್ಲಿನಲ್ಲಿ ಬೇಯಿಸಿ, ಬಿಸಿ ಆರದಂತೆ ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕಿಗೆ ತುಂಬಿದರು. ಆದರೆ ಮಧ್ಯಾಹ್ನ ಹುಲ್ಲುಹಾಸಿಗೆ ಹೋದರೆ ಅಲ್ಲಿ ಯಾವುದೋ ಶಾಲೆಯ ಮುನ್ನೂರು ಮಕ್ಕಳು. ಕಾಲಿಡಲು ಜಾಗವಿಲ್ಲ.

ಸುತ್ತಿ ಸುತ್ತಿ ಒಂದು ದೊಡ್ಡ ಹೋಟೆಲಿನ ಮುಂದೆ ಬಂದರು. ಅದರ ಜಗುಲಿಯ ಮೇಲೆ ಆರು ಮೇಜು. ಒಬ್ಬ ನರಪಿಳ್ಳೆಯೂ ಇರಲಿಲ್ಲ. ಪ್ರತಿ ಮೇಜಿನ ಮೇಲೂ ಒಂದು ಚಿಕ್ಕ ಫಲಕ. ಪುಟ್ಟಿ ಅಕ್ಷರ ಕೂಡಿಸಿ ಓದಿದಳು: "ಕಾಯ್-ದಿ-ರಿ-ಸ-ಲಾ-ಗಿ-ದೆ."

ಫೋನಿನಲ್ಲಿ ಎಲ್ಲರೂ 'ಬುಕಿಂಗ್' ಅಂದಿದ್ದರೇ ಹೊರತು ಈ ಪದವನ್ನು ಯಾರೂ ಅಂದಿರಲಿಲ್ಲ. ಅಜ್ಜಿ ಮೇಜಿನ ಮೇಲೆ ಅಂಗೈ ಇಟ್ಟು ನೋಡಿದಳು. "ಎಲ್ಲೇ ಕಾಯ್ದಿದೆ? ಐಸ್ ಇದ್ದ ಹಾಗಿದೆ."

"ಬಿಸಿ ಅಂತಲ್ಲ, ನಾವು ಕಾಯ್ದಿರಬೇಕು ಅಂತ ಇರಬೇಕು," ಅಂದಳು ಅತ್ತೆ. "ಕಾಯೋಣ, ಯಾರಾದ್ರೂ ಬರ್ತಾರೆ."

ಮಾವ ಮಾತ್ರ ಫಲಕವನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವರ ಪಾಲಿಗೆ ಕಾಯುವುದೆಂದರೆ ಒಂದೇ ಅರ್ಥ. "ಕಾವಲಿದೆ ಅಂತ ಬರೆದಿದ್ದಾರೆ. ಕಾವಲುಗಾರ ಎಲ್ಲಿ?" ಎಂದು ಸುತ್ತ ಹುಡುಕಿದರು. "ಆರು ಮೇಜು ಬಿಟ್ಟು ಎಲ್ಲಿಗೋ ಹೋಗಿದ್ದಾನೆ! ಇವನಿಂದ ನಮಗೆಲ್ಲ ಕೆಟ್ಟ ಹೆಸರು."

ಹೀಗೆಂದು ಚೀಲವನ್ನು ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡು, ಮೆಟ್ಟಿಲ ಮೇಲೆ ನಿಂತೇಬಿಟ್ಟರು. ಮನೆಯವರನ್ನೂ ಮೇಲೆ ಕೂರಲು ಬಿಡಲಿಲ್ಲ.

"ರೀ, ನಾವು ಬಂದಿರೋದು ಊಟಕ್ಕೋ ಡ್ಯೂಟಿಗೋ?" ಎಂದು ಅತ್ತೆ ಕೇಳಿದಳು.

"ಅವನು ಬರೋ ತನಕ. ಬಂದ ಕೂಡ್ಲೇ ಅವನ ಹತ್ರ ಮಾತಾಡಿ ಒಂದು ಮೇಜು ಕೇಳ್ತೀನಿ."

ಅವನು ಬರಲಿಲ್ಲ, ಏಕೆಂದರೆ ಅಂಥವನು ಇರಲೇ ಇಲ್ಲ. ಬಂದವರು ಬುಕಿಂಗ್ ಮಾಡಿದ್ದ ಗಿರಾಕಿಗಳು. ಮಾವ ಜೇಬಿನಿಂದ ಪುಸ್ತಕ ತೆಗೆದು, "ಹೆಸರು? ಎಷ್ಟು ಜನ? ಪಾಸ್?" ಎಂದರು. ಆ ಠೀವಿಗೆ ಅವರೆಲ್ಲ ತೆಪ್ಪಗೆ ಫೋನು ತೋರಿಸಿ ಸಾಲಾಗಿ ನಿಂತರು. ಒಬ್ಬ ದಪ್ಪನೆಯ ಯಜಮಾನರು ಟೋಪಿಯನ್ನೂ ತೆಗೆದರು. ಅಷ್ಟರಲ್ಲಿ ಒಳಗಿನಿಂದ ಮಾಣಿಯೊಬ್ಬ ಸೂಪಿನ ತಟ್ಟೆ ಹಿಡಿದು ಬಂದ. ಮಾವ ಅವನಿಗೂ ಅಡ್ಡ ನಿಂತರು.

"ಈ ಮಾಲು ಎಲ್ಲಿಗೆ ಹೋಗ್ತಿದೆ? ಗೇಟ್ ಪಾಸ್ ಇದೆಯಾ?"

"ಸಾರ್, ಇದು ಸೂಪು."

"ಸೂಪಾದ್ರೇನು, ಸೋಪಾದ್ರೇನು? ಚೀಟಿ ತಗೊಂಡು ಬಾ."

ಮಾಣಿ ಒಳಗೆ ಹೋಗಿ ಚೀಟಿಯ ಬದಲು ಮ್ಯಾನೇಜರನ್ನು ಕರೆತಂದ. ಮ್ಯಾನೇಜರು ಸಾಲನ್ನೂ ಮಾವನನ್ನೂ ನೋಡಿದರು, ಪುಸ್ತಕದಲ್ಲಿದ್ದ ಹದಿನಾಲ್ಕು ಹೆಸರುಗಳನ್ನೂ ನೋಡಿದರು. ಬಯ್ಯಲಿಲ್ಲ. "ಸ್ವಾಮಿ, ಕಾಯ್ದಿರಿಸಲಾಗಿದೆ ಅಂದ್ರೆ ಬುಕ್ ಆಗಿದೆ ಅಂತ ಅರ್ಥ," ಎಂದು ಮೆತ್ತಗೆ ಹೇಳಿದರು. "ನಿಮಗೂ ಬೇಕಿದ್ರೆ ಬರೆಸಿ, ಮುಂದಿನ ವಾರ ಸಿಗುತ್ತೆ."

"ಮುಂದಿನ ವಾರದ ತನಕ ಹಸಿವನ್ನ ಎಲ್ಲಪ್ಪಾ ಕಾಯ್ದಿರಿಸೋದು?" ಎಂದು ಅಜ್ಜಿ ಕೆಳಗಿನಿಂದಲೇ ಕೇಳಿದಳು.

ಮಾವನ ಕಿವಿ ಕೆಂಪಾಯಿತು. ಇಪ್ಪತ್ತೆರಡು ವರ್ಷ ಪಾಸಿಲ್ಲದವರನ್ನು ತಡೆದವರು ಇಂದು ತಾವೇ ಪಾಸಿಲ್ಲದೆ ಒಳಗೆ ಬಂದಿದ್ದರು. ಪುಸ್ತಕದಲ್ಲಿ ಹದಿನೈದನೆಯದಾಗಿ ತಮ್ಮ ಹೆಸರನ್ನೇ ಬರೆದು, ಪಕ್ಕದಲ್ಲಿ 'ಅಕ್ರಮ ಪ್ರವೇಶ' ಎಂದು ಸೇರಿಸಿ, ಮ್ಯಾನೇಜರ ಸಹಿ ಹಾಕಿಸಿಕೊಂಡು ಕೆಳಗಿಳಿದರು.

ಹೋಟೆಲಿನ ಹಿಂಭಾಗದಲ್ಲಿ ನಲ್ಲಿಯ ಪಕ್ಕ ಒಂದು ಮರದ ನೆರಳಿತ್ತು. ಅಲ್ಲಿ ಚಾಪೆ ಹಾಸಿದರು. ಹೊತ್ತು ಎರಡೂವರೆ. ಪುಟ್ಟಿ ಹಸಿದು ಮೂತಿ ಊದಿಸಿದ್ದಳು. ಮಾವ ಆಲೂಗಡ್ಡೆ ಸುಲಿಯಲು ಹೋದರು. ಅದು ಇನ್ನೂ ಸುಡುತ್ತಿತ್ತು. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹಾರಿಸಿದರು, ಕೊನೆಗೆ ಅದು ಅಜ್ಜಿಯ ಮಡಿಲಿಗೆ ಹಾರಿತು.

ಅತ್ತೆಗೆ ತಡೆಯಲಾಗಲಿಲ್ಲ. ಕೈ ಚಾಚಿದಳು. "ಕೊಡಿ ಇಲ್ಲಿ. ಎರಡು ನಿಮಿಷದ ಕೆಲಸ. ನಾನೇ ಮಾಡ್ತೀನಿ, ಮಗು ಹಸಿದಿದೆ."

ಕೊಟ್ಟಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಅವಳು ಒಂದು ಸಿಪ್ಪೆ ತೆಗೆದಿದ್ದರೂ ಮಾವನ ಮಾತು ಮಣ್ಣುಪಾಲು. ಅವರು ಅವಳ ಕೈಯನ್ನು ಹಿಡಿದು ಮೆಲ್ಲಗೆ ಅವಳ ಮಡಿಲಿನಲ್ಲೇ ಇಟ್ಟರು. "ಇನ್ನೊಂದೇ ಹೊತ್ತು ಕಣೇ," ಅಂದರು. "ನೀನು ಕೂತಿರು."

ಅವರ ದನಿ ಕೇಳಿ ಅತ್ತೆ ಕೂತೇ ಇದ್ದಳು.

ಮಾವ ಸುಡುವ ಸಿಪ್ಪೆಗಳನ್ನೆಲ್ಲ ಹಲ್ಲು ಕಚ್ಚಿ ತೆಗೆದರು. ಕಡಲೆಕಾಯಿ ಬೀಜವನ್ನು ಕಾಗದದಲ್ಲಿ ಸುತ್ತಿ ಫ್ಲಾಸ್ಕಿನ ತಳದಿಂದ ಜಜ್ಜಿದರು. ಆಗ ನೆನಪಾಯಿತು, ಉಪ್ಪು ತಂದಿರಲಿಲ್ಲ. ನಿನ್ನೆಯ ಮೊಟ್ಟೆಯನ್ನೂ ಎಲ್ಲರೂ ಸಪ್ಪೆಯಾಗಿಯೇ ತಿಂದು ಸುಮ್ಮನಿದ್ದರು.

ಅವರು ಎದ್ದು ಹೋಟೆಲಿನ ಅಡುಗೆಮನೆಯ ಹಿಂಬಾಗಿಲಿಗೆ ಹೋದರು. ಹೊಸ್ತಿಲಿನಿಂದ ಒಂದು ಮಾರು ದೂರ ನಿಂತು ಕೆಮ್ಮಿದರು. ಬೆವರು ಒರೆಸುತ್ತ ಅಡುಗೆಯಾಕೆ ಹೊರಗೆ ಬಂದಳು.

"ನನ್ನ ಹತ್ರ ಪಾಸಿಲ್ಲ," ಅಂದರು ಮಾವ. "ಒಂದು ಚಿಟಿಕೆ ಉಪ್ಪು ಬೇಕಿತ್ತು. ನಮ್ಮನೆಯವಳಿಗೆ. ಎಂಬತ್ತು ಜನಕ್ಕೆ ಅಡುಗೆ ಮಾಡೋಳು. ಇವತ್ತು ಅವಳಿಗೆ ರಜಾ."

ಅಡುಗೆಯಾಕೆ ಒಳಗೆ ಹೋಗಿ ಉಪ್ಪಿನ ಪೊಟ್ಟಣವನ್ನೂ ಅರ್ಧ ನಿಂಬೆಹಣ್ಣನ್ನೂ ತಂದಳು. ಕೊಟ್ಟು ಒಳಗೆ ಹೋಗಲಿಲ್ಲ. "ಎಲ್ಲಿದ್ದಾಳೆ?" ಎಂದು ಕೇಳಿದಳು. "ರಜಾದಲ್ಲಿ ಇರೋ ಅಡುಗೆಯವಳನ್ನ ನಾನು ಇದುವರೆಗೂ ಕಣ್ಣಲ್ಲಿ ನೋಡಿಲ್ಲಪ್ಪ. ಒಂದ್ಸಲ ತೋರಿಸು."

ಮಾವ ತೋರಿಸಿದರು. ಅತ್ತೆ ಮರಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಅಡುಗೆಯಾಕೆ ಸೊಂಟಕ್ಕೆ ಕೈಯಿಟ್ಟು ಅವಳನ್ನು ನೋಡಿದಳು. ಆಮೇಲೆ ಏನನ್ನಿಸಿತೋ, ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆ ಬಟ್ಟೆಯನ್ನು ಬಿಚ್ಚಿ ಭುಜಕ್ಕೆ ಹಾಕಿಕೊಂಡು, ಪಕ್ಕದಲ್ಲೇ ಧೊಪ್ಪನೆ ಕೂತು ಕಾಲು ಚಾಚಿದಳು.

"ಹತ್ತೇ ನಿಮಿಷ," ಅಂದಳು. "ನನಗೂ ಹಾಕಪ್ಪ."

ಮಾವ ಆಲೂಗಡ್ಡೆಯನ್ನು ಕೈಯಲ್ಲೇ ಹಿಸುಕಿ, ಕಡಲೆಕಾಯಿ ಬೀಜ, ಉಪ್ಪು, ನಿಂಬೆರಸ ಕಲಸಿ, ಐದು ಕಾಗದದ ತಟ್ಟೆಗಳಿಗೆ ಹಾಕಿದರು. ಬಿಸಿ ಇನ್ನೂ ಹಾಗೇ ಇತ್ತು. ಬಡಿಸಿ ಹಿಂದೆ ಸರಿದು ನೆಟ್ಟಗೆ ನಿಂತರು, ಅವರಿಗೆ ಹಾಗೇ ಅಭ್ಯಾಸ.

ಇಬ್ಬರು ಅಡುಗೆಯವರೂ ಒಂದೊಂದು ತುತ್ತು ಬಾಯಿಗಿಟ್ಟರು. ಅಡುಗೆಯಾಕೆಯ ಒಂದು ಕಣ್ಣು ಮುಚ್ಚಿಕೊಂಡಿತು. ಅವಳು ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಉಪ್ಪು ಕೈಜಾರಿದೆ ಕಣೇ," ಅಂದಳು.

"ಶ್, ಸುಮ್ನಿರಿ," ಅಂದಳು ಅತ್ತೆ. "ಹೇಳಿದ್ರೆ ನಾವೇ ಎದ್ದು ಮಾಡ್ಬೇಕಾಗುತ್ತೆ."

ಇಬ್ಬರೂ ನಗು ತಡೆಯಲಾರದೆ ಕೆಮ್ಮಿದರು. ಆಮೇಲೆ ಅತ್ತೆ ತಟ್ಟೆ ಖಾಲಿ ಮಾಡಿ ಮುಂದೆ ನೀಡಿ, "ರೀ, ಇನ್ನೊಂದು ಚೂರು ಹಾಕಿ," ಅಂದಳು. ಮಾವ ತಮ್ಮ ಪಾಲನ್ನೂ ಅವಳಿಗೇ ಹಾಕಿದರು. ಅಷ್ಟೂ ಉಪ್ಪು ತಿಂದು ಅವಳು ಸಂಜೆಯ ತನಕ ಮೂರು ಬಾಟಲಿ ನೀರು ಕುಡಿದಳಂತೆ. ಆ ಬಾಟಲಿಗಳನ್ನು ನಲ್ಲಿಯಲ್ಲಿ ತುಂಬಿ ತಂದುಕೊಟ್ಟದ್ದೂ ಮಾವನೇ.

ಅತ್ತೆಗೆ ಮುಂದಿನ ರಜೆ ಯಾವಾಗ ಎಂದು ಯಾರೂ ಹೇಳಿಲ್ಲ. ಅವಳ ಕೆಲಸಕ್ಕೆ ಕೈ ಜೋಡಿಸಲು ಬಿಡಿ ಎಂದು ಹಾಸ್ಟೆಲಿನವರ ಹತ್ತಿರ ನಾನು ಕೇಳಿಕೊಂಡು ಬಂದಿದ್ದೇನೆ. ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಅವಳ ಜೊತೆ ಹೋಗುತ್ತೇನೆ, ಎಂಬತ್ತು ಜನರ ತರಕಾರಿಯನ್ನು ನಾನು ಹೆಚ್ಚುತ್ತೇನೆ.